ಗೋಡೆಗೆ ಮುಖ ಮಾಡಿ ನಿಂತವಳು

"ಯಾರ್ರೀ ನೀವು? ಕೈಯಲ್ಲೇನದು?"

ಅವನು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಒಂದು ಕೆನ್ನೆಯ ಗಡ್ಡ ಹೋಗಿತ್ತು, ಇನ್ನೊಂದರಲ್ಲಿ ಸೋಪಿನ ನೊರೆ. ರೇಜರ್ ಹಿಡಿದು ನಿಂತವಳು ಅವನೇ ಪ್ರೀತಿಸಿ, ಹಟ ಹಿಡಿದು ಮದುವೆಯಾದ ಹೆಂಡತಿ!

"ನಾನು ರೀ... ನಿಮ್ಮೋಳು," ಎಂದಳು ಮೆಲ್ಲಗೆ.

ಅನುಮಾನದಿಂದ ನೋಡಿದ. ಆಮೇಲೆ ಏನನ್ನಿಸಿತೋ, ಕೆನ್ನೆ ಒಡ್ಡಿದ.

ಉಳಿದ ಕೆನ್ನೆಯನ್ನೂ ಬೋಳಿಸಿ ಮುಗಿಸಿದಳು. ಅಳುತ್ತ ಕೂರಲು ಪುರುಸೊತ್ತೆಲ್ಲಿ? ಇವತ್ತು ಆಸ್ಪತ್ರೆಯಲ್ಲಿ ಅವನ ಮರೆವಿನ ಪರೀಕ್ಷೆ. ಅಂಗವೈಕಲ್ಯದ ಸರ್ಟಿಫಿಕೇಟ್ ಸಿಕ್ಕರೆ ಪ್ರತಿ ತಿಂಗಳು ಭತ್ಯೆ, ಮನೆ ತೆರಿಗೆಯಲ್ಲೂ ರಿಯಾಯಿತಿ. ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟು ಅವನ ಜೊತೆಗೇ ಇರಬಹುದು. ಸಿಗದಿದ್ದರೆ?

"ಅತ್ತಿಗೆ, ನೀವು ಕೆಲಸಕ್ಕೆ ಹೋದಾಗ ಅಣ್ಣ ಗ್ಯಾಸ್ ಹಚ್ಚಿಟ್ಟು ಬೀದಿಗೆ ಹೋಗಿದ್ದ. ಈ ಸರ್ಟಿಫಿಕೇಟ್ ಸಿಗ್ಲಿಲ್ಲ ಅಂದ್ರೆ ಆಶ್ರಮಕ್ಕೆ ಸೇರಿಸೋದೇ," ಎಂದು ಮೈದುನ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ಅವನನ್ನು ಅಲ್ಲಿ ಬಿಟ್ಟು ಬರುವುದೇ? ದೇವರೇ, ಅದೊಂದು ಬೇಡ!

ಆದರೂ ಅವಳು ಮಾಡಿದ್ದೇನು? ಕಾಯಿಲೆ ತೋರಿಸಲು ಹೊರಟವನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿ, ಮದುಮಗನಂತೆ ಕರೆದೊಯ್ದಳು. ನಾಲ್ಕು ಜನರ ಮುಂದೆ ಗಂಡ ಸಣ್ಣವನಾಗಬಾರದು ಅವಳಿಗೆ. ಹುಚ್ಚು ಹೆಣ್ಣು!

ಡಾಕ್ಟರಮ್ಮನನ್ನು ಕಂಡದ್ದೇ ತಡ, ಅವನ ಮುಖ ಅರಳಿತು. ಕನ್ನಡಕದ ಅಂಗಡಿಯಲ್ಲಿ ದುಡಿದ ಮಾತಿನಮಲ್ಲ ಅವನು.

"ಮೇಡಂ, ಈ ಫ್ರೇಮ್ ನಿಮಗೆ ಒಪ್ಪಲ್ಲ. ದುಂಡು ಮುಖಕ್ಕೆ ಚೌಕದ್ದು ಹಾಕ್ಬೇಕು."

ಡಾಕ್ಟರಮ್ಮ ನಕ್ಕು, ಕಾಗದ ನೋಡುತ್ತ ಕೇಳತೊಡಗಿದರು. "ಇವತ್ತು ಯಾವ ವಾರ?"

"ಬುಧವಾರ."

"ಈಗ ಎಲ್ಲಿದ್ದೀರಿ?"

"ಆಸ್ಪತ್ರೇಲಿ."

"ನಿಮ್ಮ ಹೆಂಡತಿಗೆ ಏನು ಕೆಲಸ?"

"ಹೊಲಿಗೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮ ಯಜಮಾನ್ರು ನನಗಿಂತ ಚುರುಕಾಗಿದ್ದಾರಲ್ಲಮ್ಮ! ಏನಂತ ಬರೀಲಿ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಸರ್ಕಾರಕ್ಕೆ ಬೇಕು!

ಅಷ್ಟರಲ್ಲಿ ಅವಳು ಗಮನಿಸಿದಳು... ಅವನು ಇನ್ನೂ ಅವಳ ತುಟಿಗಳನ್ನೇ ನೋಡುತ್ತಿದ್ದಾನೆ. ಅಯ್ಯೋ! ಪ್ರತಿ ಪ್ರಶ್ನೆಗೂ ಅವಳ ತುಟಿ ಸದ್ದಿಲ್ಲದೆ ಉತ್ತರ ಹೇಳಿತ್ತು. ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ ಹೀಗೇ ಅವನ ಮಾನ ಕಾಯ್ದು ಕಾಯ್ದು ಅಭ್ಯಾಸವಾಗಿಬಿಟ್ಟಿತ್ತು. ಈಗ ಅದೇ ಅವನನ್ನು ಮನೆಯಿಂದ ಹೊರಗೆ ಹಾಕುತ್ತಿದೆ!

"ತಡೀರಿ ಡಾಕ್ಟರೇ... ಉತ್ತರ ಹೇಳಿದ್ದು ಅವರಲ್ಲ, ನಾನು. ಇನ್ನೊಂದ್ಸಲ ಕೇಳಿ."

ಎದ್ದು, ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಇವತ್ತು ಯಾವ ವಾರ?"

ಕುರ್ಚಿ ಕಿರುಗುಟ್ಟಿತು.

"ಈಗ ಎಲ್ಲಿದ್ದೀರಿ?"

"ಅಂಗಡಿ... ಅಲ್ಲ... ಅವಳನ್ನ ಕೇಳಿ, ಅವಳು ಹೇಳ್ತಾಳೆ. ಅವಳೆಲ್ಲಿ? ಏನೇ, ಎಲ್ಲಿದ್ದೀಯೇ!"

ದನಿ ಒಡೆದು ಅಳುವಾಯಿತು. ಎರಡೇ ಹೆಜ್ಜೆ ಇಟ್ಟರೆ ಅವನು ಸಿಗುತ್ತಿದ್ದ. ಅವಳು ಕರ್ಚೀಫನ್ನು ಬಾಯಿಗೆ ತುರುಕಿಕೊಂಡು, ಅಲುಗದೆ ನಿಂತಳು.

ಹಿಂದೆ ಸೀಲು ಬಿದ್ದ ಸದ್ದು. "ಬನ್ನಿ ಅಮ್ಮ," ಎಂದರು ಡಾಕ್ಟರಮ್ಮ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ. "ಸಹಿ ಮಾಡಿದೀನಿ. ಅವರನ್ನ ಮನೆಗೆ ಕರ್ಕೊಂಡು ಹೋಗಿ."

ಹೊರಗಿನ ಬೆಂಚಿನಲ್ಲಿ ಕುಳಿತವನು ಅವಳ ಕೈ ಕೊಡವಿದ.

"ಮುಟ್ಬೇಡ! ನಾನು ಕರೀತಿದ್ರೂ ಮುಖ ತಿರುಗಿಸ್ಕೊಂಡೆ. ನನ್ನ ಬಿಟ್ಟು ಹೋಗ್ತೀಯಲ್ವಾ?"

"ಬಿಡಬಾರ್ದು ಅಂತಲೇ ರೀ... ಇನ್ಮೇಲೆ ಕೆಲಸಕ್ಕೂ ಹೋಗಲ್ಲ. ನಿಮ್ಮ ಜೊತೇಲೇ ಇರ್ತೀನಿ."

ಅವನ ಸಿಟ್ಟು ಇಳಿಯಿತು. ತನ್ನ ಅಂಗೈ ನೋಡಿಕೊಂಡ.

"ನಂಗೆ ಎಲ್ಲಾ ಮರ್ತು ಹೋಗತ್ತಾ?"

ಈ ಮಾತು ಬಂದಾಗಲೆಲ್ಲ 'ಏನಿಲ್ಲ ಬಿಡಿ' ಎನ್ನುತ್ತಿದ್ದಳು. ಇವತ್ತು ಸುಳ್ಳು ಬಾಯಿಗೆ ಬರಲಿಲ್ಲ.

"ಹೂಂ."

"ನೀನೂ?"

"...ನಾನೂ."

"ಆಗ ಏನ್ಮಾಡ್ತೀಯ?"

"ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ. ಯಾರೋ ಒಬ್ಳು ಅಂದ್ಕೊಳ್ಳಿ."

"ಯಾರೋ ಒಬ್ಳು ನನ್ನ ಪಕ್ಕ ಯಾಕೆ ಕೂರ್ತಾಳೆ?"

"ನಿಮ್ಮನ್ನ ಕಂಡ್ರೆ ಅವಳಿಗೆ ಪ್ರಾಣ..."

ಅವನು ಬೆಂಚಿನ ಮೇಲೆ ಸರಿದು ಜಾಗ ಮಾಡಿದ.

"ಮತ್ತೆ ನಿಂತೇ ಇದ್ದೀಯಲ್ಲೇ... ಕೂತ್ಕೋ ಬಾ."