ಅರ್ಧ ಗಡ್ಡದ ಚರ್ಚೆ

"ನಿನ್ನನ್ನಲ್ಲಪ್ಪಾ ನಾನು ಹೇಳಿದ್ದು!" ಅಂದರು ಪೋಸ್ಟ್ ಮಾಸ್ಟರ್ ತಾತ.

ಹಾಗೆ ಹೇಳುವಾಗ ಅವರ ಕುತ್ತಿಗೆಯ ಮೇಲೆ ಬಾಚಿಯ ಅಪ್ಪನ ರೇಜರ್ ಇತ್ತು. ಅಂಥ ಹೊತ್ತಿನಲ್ಲಿ ಯಾರಾದರೂ ಹಾಗೇ ಹೇಳುತ್ತಾರೆ ಬಿಡಿ.

"ಗೊತ್ತು ಸಾರ್. ಸ್ವಲ್ಪ ಗದ್ದ ಎತ್ತಿ," ಅಂದರು ಅಪ್ಪ, ನಗುತ್ತಾ.

ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತಿದ್ದ ಬಾಚಿ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ಒಂದು ಗೀಟು ಎಳೆದಳು. ಈ ವಾರ ಇದು ಹನ್ನೊಂದನೆಯ "ನಿನ್ನನ್ನಲ್ಲಪ್ಪಾ". ಹೋದ ವಾರದ ರೆಕಾರ್ಡ್ ಒಂಬತ್ತು. ಇವತ್ತಿನ್ನೂ ಬುಧವಾರ!

ಎಲ್ಲಕ್ಕೂ ಕಾರಣ ಗೋಡೆಯ ಮೇಲಿನ ಟಿವಿ. ದಿನಾ ಸಂಜೆ ಆರು ಗಂಟೆಗೆ ಅದರಲ್ಲಿ ಎಂಟು ಚೌಕ, ಎಂಟು ತಲೆ. "ಈ ದೇಶ ಯಾರದು?" ಅಂತ ಚರ್ಚೆ. ಎಂಟೂ ಜನ ಒಟ್ಟಿಗೇ ಕಿರುಚುತ್ತಿದ್ದರು. ಚರ್ಚೆ ನಡೆಸುವ ಒಂಬತ್ತನೆಯವರ ಕೆಲಸ, ಅವರೆಲ್ಲರಿಗಿಂತ ಜೋರಾಗಿ ಕಿರುಚಿ "ಶಾಂತವಾಗಿರಿ" ಅನ್ನುವುದು. ಒಂದು ತಿಂಗಳಿಂದ ಇದೇ ಪಾಡು. ದೇಶ ಯಾರದು ಅಂತ ಇನ್ನೂ ಇತ್ಯರ್ಥ ಆಗಿರಲಿಲ್ಲ. ನಡುನಡುವೆ ಸೋಪಿನ ಜಾಹೀರಾತು ಬರುತ್ತಿತ್ತು. ಹಾಗಾಗಿ ಸದ್ಯಕ್ಕೆ ದೇಶ ಸೋಪಿನ ಕಂಪನಿಯದು ಅಂತ ಬಾಚಿ ಅಂದುಕೊಂಡಿದ್ದಳು.

ಪೋಸ್ಟ್ ಮಾಸ್ಟರ್ ತಾತ ರಿಟೈರ್ ಆಗಿ ಆರು ವರ್ಷವಾಗಿತ್ತು. ಗಡ್ಡ ಬಂದಿರಲಿ, ಬಿಡಲಿ, ಅವರು ಮಾತ್ರ ದಿನಾ ಬರುತ್ತಿದ್ದರು. ಅವರ ಮನೆಯ ಟಿವಿ ರಿಮೋಟು ಅಜ್ಜಿಯ ಕೈಯಲ್ಲಿತ್ತಲ್ಲ, ಪಾಪ. ಇಲ್ಲಿ ಕುರ್ಚಿಯಲ್ಲಿ ಒರಗಿ, ಮುಖಕ್ಕೆ ನೊರೆ ಹಚ್ಚಿಸಿಕೊಂಡು, "ಹೊರಗಿನವರನ್ನೆಲ್ಲ ಗಂಟುಮೂಟೆ ಕಟ್ಟಿಸಿ ಕಳಿಸಬೇಕು," ಅನ್ನುತ್ತಿದ್ದರು. ಆಮೇಲೆ ಕನ್ನಡಿಯಲ್ಲಿ ಅಪ್ಪನ ಮುಖ ಕಾಣುತ್ತಿತ್ತು. ಬೇರೆ ಬಣ್ಣದ, ಬೇರೆ ಮೂಗಿನ ಮುಖ. ಆಗ ಥಟ್ಟನೆ, "ನಿನ್ನನ್ನಲ್ಲಪ್ಪಾ!"

ಬಾಚಿಯ ತಾತ ಎರಡು ಕತ್ತರಿ, ಒಂದು ಪೆಟ್ಟಿಗೆ ಹಿಡಿದು ಹಡಗಿನಲ್ಲಿ ಈ ದೇಶಕ್ಕೆ ಬಂದವರು. ಅಪ್ಪ ಹುಟ್ಟಿದ್ದು ಇದೇ ಅಂಗಡಿಯ ಮೇಲಿನ ಕೋಣೆಯಲ್ಲಿ. ಬಾಚಿಯೂ ಅಲ್ಲೇ. ಸದಾ ಜೇಬಿನಲ್ಲಿ ಬಾಚಣಿಗೆ ಇರುತ್ತಿದ್ದದ್ದರಿಂದ ಶಾಲೆಯಲ್ಲಿ ಅವಳಿಗೆ ಆ ಹೆಸರು.

ತಾತ ಬಂದ ಹೊಸದರಲ್ಲಿ ಈ ಊರಿನವರು ಅವರ ಕೈಗೆ ತಲೆ ಕೊಡಲು ಒಪ್ಪಲಿಲ್ಲವಂತೆ. ನಾಲ್ಕು ಅಂಗಡಿ ಅಲೆದು, ಕೆಲಸ ಸಿಗದೆ, ಕೊನೆಗೆ ತಾವೇ ಅಂಗಡಿ ತೆರೆದರು. ಮುಂದಿನ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದರು: "ಯಾವ ತಲೆಗೂ ಇಲ್ಲ ಅನ್ನುವುದಿಲ್ಲ." ಮಳೆಗೆ ಅಳಿಸಬಾರದು ಅಂತ ಒಳಗಿನಿಂದ ಅಕ್ಷರ ತಿರುಗಿಸಿ ಬರೆದದ್ದು. ಒಳಗೆ ಕೂತವರಿಗೆ ಅದು ಉಲ್ಟಾ ಕಾಣುತ್ತದೆ. ಎದುರಿನ ಗೋಡೆಯ ಕನ್ನಡಿಯಲ್ಲಿ ನೋಡಿದರೆ ಸರಿಯಾಗಿ ಕಾಣುತ್ತದೆ. ಬಾಚಿ ಅಕ್ಷರ ಕಲಿತದ್ದೇ ಆ ಕನ್ನಡಿಯಿಂದ.

ಗುರುವಾರ ಶಾಲೆಯಲ್ಲಿ ಟೀಚರ್ ಹೇಳಿದರು, "ನಾಳೆ ಕ್ಲಾಸ್ ಫೋಟೋ. ಎಲ್ಲರೂ ನೀಟಾಗಿ ಬನ್ನಿ." ಆಮೇಲೆ ಮೂರನೇ ಬೆಂಚಿನ ಕಡೆ ನೋಡಿ, "ನೀನು ಆ ಕೂದಲಿಗೆ ಏನಾದ್ರೂ ಮಾಡಿಕೊಂಡು ಬಾಮ್ಮ. ಇಲ್ಲಾಂದ್ರೆ ಕೊನೇ ಸಾಲಿನ ಕೊನೆಗೆ ನಿಲ್ಲಬೇಕಾಗುತ್ತೆ. ಹಿಂದಿನವರು ಕಾಣಲ್ಲ," ಅಂದರು. ಟೀಚರ್ ಒಳ್ಳೆಯವರು. ಇದನ್ನೂ ಬಹಳ ಪ್ರೀತಿಯಿಂದಲೇ ಹೇಳಿದರು.

ಆ ಕೂದಲು ಸ್ಪ್ರಿಂಗ್‌ಳದು. ಎರಡು ತಿಂಗಳ ಹಿಂದೆ ಬೇರೆ ದೇಶದಿಂದ ಬಂದು ಬಾಚಿಯ ಪಕ್ಕ ಕೂತವಳು. ಸಣ್ಣ ಸಣ್ಣ ಸುರುಳಿಯ ಕಪ್ಪು ಕೂದಲು, ತಲೆಯ ಸುತ್ತ ದೊಡ್ಡದಾಗಿ ಹರಡಿಕೊಂಡಿತ್ತು. ಸ್ಪ್ರಿಂಗ್ ಅನ್ನುವ ಹೆಸರು ಅವಳ ಅಪ್ಪ ಅಮ್ಮ ಇಟ್ಟದ್ದಲ್ಲ, ಕ್ಲಾಸಿನವರು ಎರಡನೇ ದಿನವೇ ಇಟ್ಟದ್ದು. ಅವಳನ್ನು ಒಂದು ಮಾತು ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಆಟದ ಬೆಲ್ ಆಯಿತು. ಇತ್ತೀಚೆಗೆ ಅಂಗಳದಲ್ಲಿ ಹೊಸ ಆಟ ಶುರುವಾಗಿತ್ತು, ಟಿವಿ ಆಟ. ಕ್ಲಾಸ್ ಲೀಡರ್ ನೀರಿನ ಬಾಟಲಿಯನ್ನೇ ಮೈಕ್ ಮಾಡಿಕೊಂಡು ಮೆಟ್ಟಿಲ ಮೇಲೆ ನಿಂತ.

"ವೀಕ್ಷಕರೇ, ಇಂದಿನ ಪ್ರಶ್ನೆ! ನಮ್ಮ ದೇಶದಿಂದ ಯಾರು ಹೊರಗೆ ಹೋಗಬೇಕು?"

"ಹೊರಗಿನವರು!"

"ಹೊರಗಿನವರು ಯಾರು?"

ಇಪ್ಪತ್ತು ಬೆರಳು ಸ್ಪ್ರಿಂಗ್ ಕಡೆ ತಿರುಗಿದವು. ಎಲ್ಲರೂ ನಕ್ಕರು. ಟಿವಿಯವರು ತಿಂಗಳಿಂದ ಒದ್ದಾಡುತ್ತಿದ್ದ ಪ್ರಶ್ನೆಯನ್ನು ಇವರು ಅರ್ಧ ನಿಮಿಷದಲ್ಲಿ ಬಗೆಹರಿಸಿಬಿಟ್ಟಿದ್ದರು. ಬಾಚಿಯೂ ಸ್ವಲ್ಪ ನಕ್ಕಳು. ನಗದಿದ್ದರೆ ಒಂದೆರಡು ಬೆರಳು ತನ್ನ ಕಡೆಗೂ ತಿರುಗಬಹುದು ಅಂತ ಅವಳಿಗೆ ಗೊತ್ತಿತ್ತು.

ಆಮೇಲೆ ನಲ್ಲಿಯ ಹತ್ತಿರ ಸ್ಪ್ರಿಂಗ್ ಒಬ್ಬಳೇ ನಿಂತಿದ್ದಳು. ಬಾಚಿ ಹೋಗಿ ಮೆಲ್ಲಗೆ ಹೇಳಿದಳು, "ಬೇಜಾರ್ ಮಾಡ್ಕೋಬೇಡ. ಅವರು ಹೇಳಿದ್ದು ನಿನ್ನನ್ನಲ್ಲ ಕಣೇ."

ಸ್ಪ್ರಿಂಗ್ ಅವಳನ್ನು ನೋಡಿದಳು. "ಮತ್ತೆ ಯಾರನ್ನ?"

ಬಾಚಿ ಜೇಬಿನಿಂದ ಬಾಚಣಿಗೆ ತೆಗೆದಳು. ಅದರ ಹಲ್ಲು ಎಣಿಸತೊಡಗಿದಳು.

"ಹೋಗ್ಲಿ ಬಿಡು," ಅಂದಳು ಸ್ಪ್ರಿಂಗ್. "ನಿಮ್ಮಪ್ಪ ಹೇರ್ ಕಟ್ ಮಾಡ್ತಾರಲ್ವಾ? ಅಮ್ಮನ ಜೊತೆ ಸಂಜೆ ಬರ್ಲಾ? ನಂಗೆ ಕೊನೇ ಸಾಲು ಬೇಡ. ನಮ್ಮಜ್ಜಿಗೆ ಫೋಟೋ ಕಳಿಸ್ಬೇಕು. ಇಲ್ಲಿಗೆ ಬಂದ್ಮೇಲೆ ನನ್ನ ಫೋಟೋನೇ ನೋಡಿಲ್ಲ ಅವರು."

ಬಾಚಿಗೆ ಬಚಾವಾದಂತೆ ಅನ್ನಿಸಿತು. "ಬಾ ಬಾ! ನಮ್ಮಪ್ಪ ಯಾವ ತಲೆಗೂ ಇಲ್ಲ ಅನ್ನಲ್ಲ. ಗಾಜಿನ ಮೇಲೇ ಬರ್ದಿದೆ," ಅಂತ ಜಂಬ ಕೊಚ್ಚಿಕೊಂಡಳು.

ಸಂಜೆ ಆರು ಗಂಟೆ. ಟಿವಿಯಲ್ಲಿ ಎಂಟು ತಲೆಗಳು ಹಾಜರ್. ಒಂದು ಕುರ್ಚಿಯಲ್ಲಿ ಪೋಸ್ಟ್ ಮಾಸ್ಟರ್ ತಾತ. ಬಲಗೆನ್ನೆಯ ಶೇವಿಂಗ್ ಮುಗಿದಿತ್ತು, ಎಡಗೆನ್ನೆ ತುಂಬಾ ನೊರೆ. ಬೆಂಚಿನ ಮೇಲೆ ಇನ್ಶೂರೆನ್ಸ್ ಅಂಕಲ್, ತಲೆಗೆ ಡೈ ಹಚ್ಚಿಸಿಕೊಂಡು ಒಣಗಲು ಕಾಯುತ್ತಿದ್ದರು. ಕಪ್ಪು ಬಣ್ಣವನ್ನು ಅವರು ಒಪ್ಪುತ್ತಿದ್ದದ್ದು ಕೂದಲಿನಲ್ಲಿ ಮಾತ್ರ. ಇನ್ನೊಂದು ಕುರ್ಚಿ ಖಾಲಿಯಿತ್ತು.

ಬಾಗಿಲು ತೆರೆಯಿತು. ಸ್ಪ್ರಿಂಗ್, ಹಿಂದೆ ಅವಳ ಅಮ್ಮ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದರು.

"ನಮಸ್ಕಾರ. ಮಗಳ ಕೂದಲು ಸ್ವಲ್ಪ ಟ್ರಿಮ್ ಮಾಡಬೇಕಿತ್ತು."

ಇನ್ಶೂರೆನ್ಸ್ ಅಂಕಲ್ ನ್ಯೂಸ್ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿದರು. ಪೋಸ್ಟ್ ಮಾಸ್ಟರ್ ತಾತ ಗಂಟಲು ಸರಿ ಮಾಡಿಕೊಂಡರು. ಗಂಟಲಲ್ಲಿ ಏನೂ ಇರಲಿಲ್ಲ.

ಅಪ್ಪ ಸ್ಪ್ರಿಂಗ್‌ಳನ್ನು ನೋಡಿದರು, ತಾತನನ್ನು ನೋಡಿದರು, ಪೇಪರನ್ನು ನೋಡಿದರು. ಆಮೇಲೆ ನೆಲ ನೋಡುತ್ತಾ ಹೇಳಿದರು, "ಇಂಥ ಕೂದಲು ನಮ್ಮಲ್ಲಿ ಮಾಡಲ್ಲಮ್ಮ. ಬೇರೆ ಕಡೆ ನೋಡಿ."

"ಪರವಾಗಿಲ್ಲ," ಅಂದರು ಸ್ಪ್ರಿಂಗ್‌ಳ ಅಮ್ಮ. ಎಷ್ಟೋ ಸಲ ಹೇಳಿ ರೂಢಿಯಾದ "ಪರವಾಗಿಲ್ಲ" ಅದು. ಮಗಳ ಭುಜ ಹಿಡಿದು ತಿರುಗಿದರು. ಸ್ಪ್ರಿಂಗ್ ಮಾತ್ರ ಬಾಚಿಯನ್ನು ನೋಡಿದಳು, ಆಮೇಲೆ ಗಾಜಿನ ಮೇಲಿನ ಅಕ್ಷರವನ್ನು. ಬಾಗಿಲು ಮುಚ್ಚಿತು.

"ಒಳ್ಳೇ ಕೆಲಸ ಮಾಡಿದೆ," ಅಂದರು ತಾತ. "ಇವತ್ತು ಒಬ್ಬರಿಗೆ ಕುರ್ಚಿ ಕೊಟ್ರೆ ನಾಳೆ ಅಂಗಡೀನೇ ಅವರದ್ದಾಗುತ್ತೆ. ಅದಕ್ಕೇ ನಾನು ಯಾವಾಗ್ಲೂ ಹೇಳೋದು, ನಿನ್ನನ್ನಲ್ಲಪ್ಪಾ. ನೀನು ನಮ್ಮವನು."

ಅಪ್ಪ ಟವೆಲಿಗೆ ರೇಜರ್ ಒರೆಸಿದರು. ಈ ಸಲ ನಗಲಿಲ್ಲ.

ಬಾಚಿ ಗೀಟು ಎಳೆಯಲು ಪೆನ್ಸಿಲ್ ತೆಗೆದಳು. ಕೈ ಏಳಲಿಲ್ಲ. ಇಷ್ಟು ದಿನ ಅವಳಿಗೆ ಅದೊಂದು ತಮಾಷೆಯ ಮಾತಾಗಿತ್ತು. ಇವತ್ತು ಬೆಳಿಗ್ಗೆ ಅದನ್ನೇ ನಲ್ಲಿಯ ಹತ್ತಿರ ತಾನೂ ಹೇಳಿದ್ದೆ ಅಂತ ನೆನಪಾಗಿ ಕಿವಿ ಬಿಸಿಯಾಯಿತು. ಅಪ್ಪನ ಬಗ್ಗೆ ಅವಳಿಗೆ ಯಾವತ್ತೂ ನಾಚಿಕೆಯಾಗಿರಲಿಲ್ಲ. ಈಗ ಆಯಿತು. ತನ್ನ ಬಗ್ಗೆಯೂ ಆಯಿತು. ಅಳು ಬರುವಂತಾಯಿತು.

ಅವಳು ಎದ್ದು, ಡ್ರಾಯರಿನಿಂದ, ಗಾಜಿಗೆ ಅಂಟಿದ ಪೋಸ್ಟರ್ ಕೆರೆಯುವ ಹಿಡಿಕೆಯ ಬ್ಲೇಡು ತೆಗೆದುಕೊಂಡಳು. ಸ್ಟೂಲು ಎಳೆದು ಗಾಜಿನ ಮುಂದೆ ಹಾಕಿ ಹತ್ತಿದಳು.

"ಏನ್ ಮಾಡ್ತಿದ್ದೀಯ ಪುಟ್ಟಾ?"

"ಇದನ್ನ ಕೆರೆದುಬಿಡ್ತೀನಿ ಅಪ್ಪಾ."

"ಹುಚ್ಚು ಹಿಡೀತಾ ನಿಂಗೆ? ನಿನ್ನ ತಾತ ಬರೆದಿದ್ದು ಅದು!"

"ಹ್ಞೂ. ಕೆರೆದ್ರೆ ತಾತ ಬೈತಿದ್ರು," ಅಂದಳು ಬಾಚಿ. "ಆದ್ರೆ ಸುಳ್ಳಾದ್ಮೇಲೂ ಇಟ್ಕೊಂಡ್ರೆ ಇನ್ನೂ ಜಾಸ್ತಿ ಬೈತಿದ್ರು. ಅಪ್ಪಾ, ತಾತಂಗೂ ಹಿಂಗೇ ಅಂದಿದ್ರಾ? ಬೇರೆ ಕಡೆ ನೋಡಿ ಅಂತ?"

ಅಪ್ಪ ಕನ್ನಡಿಯಲ್ಲಿ ನೋಡಿದರು. ಕೆಂಪಕ್ಷರಗಳು ಅಲ್ಲಿ ನೇರವಾಗಿ, ಸ್ಪಷ್ಟವಾಗಿ ಇದ್ದವು. ಅವುಗಳ ಮುಂದೆ ಸ್ಟೂಲಿನ ಮೇಲೆ ಮಗಳು. ಅವರು ರೇಜರ್ ಕೆಳಗಿಟ್ಟರು. ಟವೆಲಿಗೆ ಕೈ ಒರೆಸಿಕೊಂಡರು. ಬಾಗಿಲು ದೂಡಿಕೊಂಡು ರಸ್ತೆಗೆ ಓಡಿದರು.

"ಏ! ಎಲ್ಲಿಗೆ?" ಅಂತ ಕೂಗಿದರು ಪೋಸ್ಟ್ ಮಾಸ್ಟರ್ ತಾತ. "ನನ್ನ ಗಡ್ಡ!"

ಟಿವಿಯಲ್ಲಿ ಒಬ್ಬರು ಮೇಜು ಕುಟ್ಟಿದರು. "ಇಲ್ಲಿ ಇರೋಕೆ ಇಷ್ಟ ಇಲ್ಲದವರು ಈಗಲೇ ಎದ್ದು ಹೊರಗೆ ನಡೀರಿ!"

"ನಡೀರಿ ತಾತ, ಹೋಗೋಣ," ಅಂದರು ಇನ್ಶೂರೆನ್ಸ್ ಅಂಕಲ್ ರೋಷದಿಂದ. "ಗಿರಾಕಿಗೆ ಮರ್ಯಾದೆ ಇಲ್ಲದ ಜಾಗ ಇದು."

"ಹಿಂಗೇ ಬರ್ಲಾ? ಅರ್ಧ ಗಡ್ಡ ಇಟ್ಕೊಂಡು? ನೀನೇ ಹೋಗಯ್ಯಾ."

ಅಂಕಲ್ ತಲೆ ಮುಟ್ಟಿ ನೋಡಿಕೊಂಡರು. ಡೈ ಇನ್ನೂ ಹಸಿ. ಕಿವಿಯ ಹಿಂದೆ ಒಂದು ಹನಿ ಇಳಿಯುತ್ತಿತ್ತು. ಅವರು ಮತ್ತೆ ಕೂತರು. ದೇಶದಿಂದ ಜನರನ್ನು ಕಳಿಸಲು ತುದಿಗಾಲಲ್ಲಿದ್ದ ಇಬ್ಬರಿಗೂ ಒಂದು ಅಂಗಡಿಯಿಂದ ಹೊರಗೆ ಹೋಗಲು ಆಗಲಿಲ್ಲ.

ಬಾಚಿ ಸ್ಟೂಲಿನ ಮೇಲೇ ನಿಂತು ರಸ್ತೆ ನೋಡುತ್ತಿದ್ದಳು. ಬಸ್ ಸ್ಟಾಪಿನ ಹತ್ತಿರ ಅಪ್ಪ ಕೈ ಮುಗಿದು ಏನೋ ಹೇಳುತ್ತಿದ್ದರು. ಸ್ಪ್ರಿಂಗ್‌ಳ ಅಮ್ಮ ಬೇಡ ಬೇಡ ಅಂತ ತಲೆಯಾಡಿಸುತ್ತಿದ್ದರು. ಬಸ್ಸು ಬಂತು, ನಿಂತಿತು. ಬಾಚಿ ಉಸಿರು ಹಿಡಿದಳು. ಬಸ್ಸು ಹೋಯಿತು. ಮೂವರೂ ಅಲ್ಲೇ ಇದ್ದರು.

ಅಪ್ಪ ಒಳಗೆ ಬಂದವರೇ ರಿಮೋಟು ತೆಗೆದು ಟಿವಿ ಆರಿಸಿದರು. ಖಾಲಿ ಕುರ್ಚಿಯನ್ನು ಟವೆಲಿನಿಂದ ಒರೆಸಿ ಸ್ಪ್ರಿಂಗ್‌ಳನ್ನು ಕೂರಿಸಿದರು. ಕತ್ತರಿ ಹಿಡಿದು ಸ್ಪ್ರಿಂಗ್‌ಳ ಅಮ್ಮನ ಕಡೆ ತಿರುಗಿದರು.

"ಅಮ್ಮಾ, ನಿಜ ಹೇಳ್ತೀನಿ. ಇಂಥ ಕೂದಲು ನಾನು ಕಟ್ ಮಾಡೇ ಇಲ್ಲ. ನೀವು ಹೇಳಿಕೊಟ್ರೆ ಮಾಡ್ತೀನಿ."

"ಮೊದ್ಲು ಆ ನೀರಿನ ಬಾಟ್ಲಿ ಕೆಳಗಿಡಿ," ಅಂದರು ಸ್ಪ್ರಿಂಗ್‌ಳ ಅಮ್ಮ. "ಒಣಗಿದ್ದಾಗಲೇ ಕಟ್ ಮಾಡ್ಬೇಕು. ಒದ್ದೆ ಮಾಡಿದ್ರೆ ಉದ್ದ ಗೊತ್ತಾಗಲ್ಲ. ಬೆರಳಲ್ಲಿ ಹಿಂಗೆ ಬಿಡಿಸಿ, ತುದಿ ಮಾತ್ರ. ಹ್ಞಾ, ಹಂಗೇ."

ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದ ಅಪ್ಪ ಶಾಲೆಯ ಹುಡುಗನ ಹಾಗೆ "ಹಿಂಗಾ? ಇಷ್ಟು ಸಾಕಾ?" ಅಂತ ಕೇಳುತ್ತಾ ಕೆಲಸ ಮಾಡಿದರು. ಸುರುಳಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಕೂದಲು ಕಡಿಮೆಯೇನೂ ಆಗಲಿಲ್ಲ, ದುಂಡಗೆ ಅಂದವಾಯಿತು.

"ಟೀಚರ್ ಹಿಂದಿನವರು ಕಾಣಲ್ಲ ಅಂದ್ರಮ್ಮ," ಅಂದಳು ಸ್ಪ್ರಿಂಗ್.

"ಹಿಂದಿನವರು ಒಂದು ಹೆಜ್ಜೆ ಪಕ್ಕಕ್ಕೆ ಸರ್ಕೊಳ್ಳಲಿ. ಕಾಲು ಇದೆಯಲ್ಲ ಅವರಿಗೆ," ಅಂದರು ಅವಳ ಅಮ್ಮ.

ಪಕ್ಕದ ಕುರ್ಚಿಯಲ್ಲಿ ಪೋಸ್ಟ್ ಮಾಸ್ಟರ್ ತಾತನ ಎಡಗೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಇಷ್ಟು ಹೊತ್ತು ಸುಮ್ಮನಿದ್ದು ಅವರಿಗೆ ಅಭ್ಯಾಸವಿರಲಿಲ್ಲ. ಮೇಲಾಗಿ ಅವರು ಕೆಟ್ಟವರಲ್ಲ, ಹಾಗಂತ ಅವರೇ ಎಲ್ಲರಿಗೂ ಹೇಳುತ್ತಿದ್ದರು. ಕನ್ನಡಿಯಲ್ಲಿ ಸ್ಪ್ರಿಂಗ್‌ಳ ಅಮ್ಮನ ಕಣ್ಣು ತಮ್ಮ ಕಣ್ಣಿಗೆ ಸಿಕ್ಕಿದಾಗ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ನಾವು ಹೊರಗಿನವರು ಅನ್ನೋದು ನಿಮ್ಮನ್ನಲ್ಲಮ್ಮ."

"ಮತ್ತೆ ಯಾರನ್ನ ತಾತ?" ಅಂತ ಕೇಳಿದಳು ಬಾಚಿ.

ಅವಳು ಜಗಳಕ್ಕೆ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ತಾತ ಅಪ್ಪನನ್ನು ನೋಡಿದರು, ಬಾಚಿಯನ್ನು ನೋಡಿದರು, ಅಂಗಡಿಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಅಂತ ಹುಡುಕಿದರು. ಇನ್ಶೂರೆನ್ಸ್ ಅಂಕಲ್ ಒಬ್ಬರೇ ಇದ್ದರು, ಅವರು ಪೇಪರಿನ ಹಿಂದೆ ಇದ್ದರು. ತಾತ ತಲೆ ತಗ್ಗಿಸಿ ಗಂಟಲು ಸರಿ ಮಾಡಿಕೊಂಡರು. ಈ ಸಲ ಗಂಟಲಲ್ಲಿ ಏನೋ ಇದ್ದ ಹಾಗಿತ್ತು.

ಬಾಚಿ ಎಂದಿನಂತೆ ಕೈಗನ್ನಡಿ ತೆಗೆದುಕೊಂಡು ಸ್ಪ್ರಿಂಗ್‌ಳ ಹಿಂದೆ ಹೋಗಿ ನಿಂತಳು. ಕಟಿಂಗ್ ಮುಗಿದ ಮೇಲೆ ಹಿಂಭಾಗ ತೋರಿಸುವುದು ಅವಳ ಕೆಲಸ. ಇಬ್ಬರ ಮುಖಗಳೂ ದೊಡ್ಡ ಕನ್ನಡಿಯಲ್ಲಿ ಒಂದರ ಮೇಲೊಂದು ಕಾಣುತ್ತಿದ್ದವು. ಬಾಚಿ ಅವಳ ಕಿವಿಯ ಹತ್ತಿರ ಬಗ್ಗಿದಳು.

"ಬೆಳಿಗ್ಗೆ ನಾನು ಹೇಳಿದ್ನಲ್ಲ, ನಿನ್ನನ್ನಲ್ಲ ಅಂತ. ಅದು ಸುಳ್ಳು ಕಣೇ. ನಿನ್ನನ್ನೇ ಅಂದಿದ್ದು." ಕೈಗನ್ನಡಿ ಸ್ವಲ್ಪ ಕೆಳಗಿಳಿಯಿತು. "ನನ್ನನ್ನೂ."

"ಗೊತ್ತಿತ್ತು," ಅಂದಳು ಸ್ಪ್ರಿಂಗ್. "ಕನ್ನಡಿ ಸ್ವಲ್ಪ ಮೇಲೆ ಹಿಡಿ, ಕಾಣ್ತಿಲ್ಲ."

ಬಾಚಿ ತುದಿಗಾಲಲ್ಲಿ ನಿಂತು ಎರಡೂ ಕೈಯಿಂದ ಕನ್ನಡಿಯನ್ನು ಮೇಲೆತ್ತಿ ಹಿಡಿದಳು.