ಚುಕ್ಕೆ ಗೆರೆಯ ಮೇಲೆ ಕತ್ತರಿಸಿ

ಧಾರಾವಾಹಿಯ ನಾಯಕಿ ಬಾಗಿಲು ತೆಗೆದಿದ್ದಳು. ಆಚೆ ನಿಂತವರು ಯಾರು ಎಂಬುದನ್ನು ಯಾರೋ ಬ್ಲೇಡಿನಿಂದ ಕತ್ತರಿಸಿಕೊಂಡು ಹೋಗಿದ್ದರು.

"ಇದು ನಾಲ್ಕನೇ ವಾರ ಕಣಮ್ಮಾ!" ನಿವೃತ್ತ ಮೇಷ್ಟ್ರು ದೊಡ್ಡವೆಂಕಟಪ್ಪ ವಾರಪತ್ರಿಕೆಯ ಪುಟ ಎತ್ತಿ ಹಿಡಿದರು. ತೂತಿನೊಳಗಿಂದ ಅವರ ಕನ್ನಡಕ ಕಾಣುತ್ತಿತ್ತು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಮುಳಬಾಗಿಲಿನ ಆ ಪುಟ್ಟ ವಾಚನಾಲಯ ನೋಡಿಕೊಳ್ಳುತ್ತಿದ್ದವಳು ಶ್ಯಾಮಲ. ವಯಸ್ಸು ಇಪ್ಪತ್ತೆರಡು, ಸಿಟ್ಟು ಮೂಗಿನ ತುದಿಯಲ್ಲೇ. ಮರುದಿನವೇ ಕಳ್ಳ ಸಿಕ್ಕಿಬಿದ್ದ. ಮೂಲೆಯ ಬೆಂಚಿನಲ್ಲಿ ಕೂತು, ಧಾರಾವಾಹಿಯ ಹಿಂಬದಿಯ ಸೀಗೆಪುಡಿ ಜಾಹೀರಾತಿನ ಹೆಂಗಸಿನ ಜಡೆಯ ಸುತ್ತ ಬ್ಲೇಡ್ ಓಡಿಸುತ್ತಿದ್ದ.

"ಕದೀತಿದ್ದೀರಾ?"

"ಕಾದು, ಕಾದು ಮೇಡಂ!" ಗಾಬರಿಗೆ ಅವನ ಬಾಯಿಂದ ಮನೆಮಾತು ತೆಲುಗು ಹೊರಬಿತ್ತು. ಅಲ್ಲ, ಅಲ್ಲ ಎನ್ನುತ್ತಿದ್ದ.

"ಓಹೋ, ಕಾದು ಕಾದು ಸಾಕಾಗಿ ಕತ್ತರಿಸಿದ್ರಾ?" ಅವಳು ಕನ್ನಡದಲ್ಲೇ ಕಾಲೆಳೆದಳು.

ಅವನ ಕಿವಿ ಕೆಂಪಾದವು. ನಗು ಮುಚ್ಚಿಕೊಳ್ಳಲು ಶ್ಯಾಮಲ ರಿಜಿಸ್ಟರ್ ತೆರೆಯಬೇಕಾಯಿತು.

ಹೆಸರು ಕದಿರೇಶ. ಶ್ರೀನಿವಾಸಪುರದವನು. ಇಲ್ಲಿ ಚಿಕ್ಕಮ್ಮ ಮುತ್ಯಾಲಮ್ಮನ ಮನೆಯಲ್ಲಿದ್ದು ಅಂಗಡಿಗಳಿಗೆ ಬೋರ್ಡು, ಗೋಡೆಗಳಿಗೆ ಜಾಹೀರಾತು ಬರೆಯುತ್ತಿದ್ದ. ಪತ್ರಿಕೆಯಲ್ಲಿ ಅಂಗೈಯಗಲ ಇರುವ ನಗುವನ್ನು ಗೋಡೆಯ ಮೇಲೆ ಆಳೆತ್ತರ ಮಾಡುವುದು ಅವನ ಕಸುಬು.

"ಕತ್ತರಿಸ್ಬೇಡಿ. ಇಲ್ಲೇ ಕೂತು ನೋಡ್ಕೊಂಡು ಬರ್ಕೊಳ್ಳಿ," ಎಂದಳು.

ದಿನಾ ಸಂಜೆ ಬಂದ. ಜಾಹೀರಾತನ್ನು ಒಂದು ಸಲ ನೋಡಿದರೆ ಅವಳನ್ನು ಎರಡು ಸಲ ನೋಡುತ್ತಿದ್ದ. ಅವಳು ತಲೆ ಎತ್ತಿದ ಕೂಡಲೇ ಪೆನ್ಸಿಲ್ ಕೆತ್ತಲು ಶುರುಮಾಡುತ್ತಿದ್ದ. ಒಂದು ದಿನ ಬಸ್ ಸ್ಟ್ಯಾಂಡ್ ಎದುರಿನ ಗೋಡೆ ನೋಡಿ ಶ್ಯಾಮಲ ನಿಂತುಬಿಟ್ಟಳು. ಹಲ್ಲುಪುಡಿ ಡಬ್ಬಿ ಹಿಡಿದು ನಗುತ್ತಿದ್ದ ಹೆಂಗಸಿಗೆ ತನ್ನದೇ ಸೊಟ್ಟ ಹಲ್ಲು!

"ಹಲ್ಲುಪುಡಿಗೆ ಸೊಟ್ಟ ಹಲ್ಲಾ? ಅಂಗಡಿಯವರು ಬೈಲಿಲ್ವಾ?"

"ಬೈದ್ರು. ತಿದ್ದೋಕೆ ಮನಸ್ಸಾಗ್ಲಿಲ್ಲ."

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

ಕೋಲಾರದಲ್ಲಿ ದೊಡ್ಡ ಕೆಲಸ ಸಿಕ್ಕಿ ಅವನು ಹೊರಟ ದಿನ, ವಾಪಸು ಕೊಟ್ಟ ಪತ್ರಿಕೆಯೊಳಗೆ ಒಂದು ಹಾಳೆ ಇತ್ತು. ಕೈಯಲ್ಲೇ ಬರೆದ ಬಣ್ಣದ ಜಾಹೀರಾತು. 'ಪ್ರತಿ ಒಳ್ಳೆಯ ಮನೆಗೆ ಒಬ್ಬ ಪೇಂಟರ್! ಬಣ್ಣ ಬಿಡುವುದಿಲ್ಲ. ಬಹುಕಾಲ ಬಾಳಿಕೆ.' ಕೆಳಮೂಲೆಯಲ್ಲಿ ಚುಕ್ಕೆ ಗೆರೆಯ ಕೂಪನ್: 'ನಿಮಗೆ ತಕ್ಕವನು ನಾನೇನಾ? ಉತ್ತರ ತುಂಬಿ ಚಿಕ್ಕಮ್ಮನ ಕೈಗೆ ಕೊಡಿ.'

ಉತ್ತರಕ್ಕೆ ಬಿಟ್ಟ ಜಾಗ ತೀರಾ ಚಿಕ್ಕದು. 'ಕಾದು' ಎಂದು ಬರೆಯುವಷ್ಟರಲ್ಲೇ ತುಂಬಿತು. 'ಕೂತಿರ್ತೀನಿ, ಬೇಗ ಬನ್ನಿ' ಎಂಬುದು ಗೆರೆ ದಾಟಿ ಆಚೆ ಹೋಯಿತು. ಹಾಗಾಗಿ ಹಾಳೆಯನ್ನು ಇಡಿಯಾಗಿ ಮಡಿಚಿ ಮುತ್ಯಾಲಮ್ಮನಿಗೆ ಕೊಟ್ಟು ಬಂದಳು.

ವಾರ ಕಳೆಯಿತು. ತಿಂಗಳಾಯಿತು. ಅವನಿಲ್ಲ, ಕಾಗದವೂ ಇಲ್ಲ. ಶ್ಯಾಮಲ ಪತ್ರಿಕೆಗಳಿಗೆ ತಪ್ಪು ಸೀಲು ಒತ್ತಿದಳು, ಹಾಲು ಉಕ್ಕಿಸಿದಳು, ಕೋಲಾರದ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಕಿಟಕಿಗೆ ಓಡಿದಳು.

"ಭಾನುವಾರ ಮಾಲೂರಿಂದ ಗಂಡಿನ ಕಡೆಯವರು ಬರ್ತಾರೆ ಕಣಮ್ಮ," ಎಂದರು ಅಪ್ಪ ಚನ್ನರಾಯಪ್ಪ. "ಬೇಡ ಅನ್ನೋಕೆ ಕಾರಣ ಇದ್ರೆ ಈಗ್ಲೇ ಹೇಳು."

ಬಾರದೇ ಇರುವವನನ್ನು ಕಾರಣ ಎಂದು ಹೇಗೆ ಹೇಳುವುದು? ಶನಿವಾರ ಬೆಳಿಗ್ಗೆ ತಡೆಯಲಾರದೆ ಮುತ್ಯಾಲಮ್ಮನ ಮನೆಗೇ ಹೋದಳು.

ಒಲೆಯ ಪಕ್ಕದ ಗೋಡೆಯಲ್ಲಿ ಅದೇ ಹಾಳೆ ಅಂಟಿತ್ತು. ಕೆಳಮೂಲೆಯಲ್ಲಿ ಚೌಕಾಕಾರದ ತೂತು. ತೂತಿನ ಪಕ್ಕದಲ್ಲಿ ಅವಳದೇ ಅಕ್ಷರ: 'ಕೂತಿರ್ತೀನಿ, ಬೇಗ ಬನ್ನಿ.'

"ಓದೋಕೆ ಬರದಿದ್ರೇನಮ್ಮಾ, ಚುಕ್ಕಿ ಗೆರೆ ಇದ್ರೆ ಕತ್ತರಿಸಿ ಕಳಿಸ್ಬೇಕು ಅಂತ ನಂಗೂ ಗೊತ್ತು," ಮುತ್ಯಾಲಮ್ಮನಿಗೆ ಹೆಮ್ಮೆ. "ಟೀಪುಡಿಯವರಿಗೆ ಹಂಗೇ ಕಳಿಸಿ ಸ್ಟೀಲ್ ಚಮಚ ತರ್ಸಿದ್ದೆ. ಮಿಕ್ಕಿದ್ದು ಬಣ್ಣದ ಚಿತ್ರ, ಚೆನ್ನಾಗಿತ್ತು, ಅಂಟಿಸ್ಕೊಂಡೆ."

ಅವನಿಗೆ ಹೋಗಿದ್ದು ಒಂದೇ ಒಂದು ಪದ. ಅದನ್ನು ಅವನು ಯಾವ ಭಾಷೆಯಲ್ಲಿ ಓದಿರಬಹುದು ಎಂದು ಕೇಳಬೇಕಿರಲಿಲ್ಲ. ಚಪ್ಪಲಿ ಮೆಟ್ಟಿದವಳು ನಿಂತದ್ದು ಕೋಲಾರದಲ್ಲೇ.

ಸಿಕ್ಕಸಿಕ್ಕವರನ್ನು ಕೇಳಿ ಹುಡುಕಿದಳು. ಕದಿರೇಶ ಏಣಿಯ ಮೇಲಿದ್ದ. ಬಟ್ಟೆಗೆ ಹಾಕುವ ನೀಲಿಯ ಜಾಹೀರಾತು, ಮೊಣಕೈವರೆಗೂ ನೀಲಿ ಬಣ್ಣ. ಆರು ವಾರಕ್ಕೇ ಕೆನ್ನೆ ಒಳಗೆ ಹೋಗಿತ್ತು.

"ಇಳೀರಿ ಕೆಳಗೆ!"

ಅವನು ತಿರುಗಿ ನೋಡಿ ಅಲ್ಲೇ ಕಲ್ಲಾದ. "ಉತ್ತರ ಬಂತಲ್ಲ ಮೇಡಂ. ಕಾದು ಅಂದ್ರಿ. ನೋಯಬಾರ್ದು ಅಂತ ನನ್ನ ಭಾಷೇಲೇ ಅಂದ್ರಿ ಅಂದ್ಕೊಂಡೆ."

"ಅದು ಕನ್ನಡ ಕಣ್ರೀ! ಕಾದು ಕೂತಿರ್ತೀನಿ ಅಂತ ಬರ್ದೆ. ಅರ್ಧ ನಿಮ್ಮ ಚಿಕ್ಕಮ್ಮನ ಗೋಡೆ ಮೇಲಿದೆ. ಕೂತೂ ಕೂತೂ ಹುಚ್ಚು ಹಿಡಿಯೋದೊಂದು ಬಾಕಿ. ನಾಳೆ ಮಾಲೂರಿನವರು ನನ್ನ ನೋಡೋಕೆ ಬರ್ತಿದ್ದಾರೆ."

ಅವನು ಏಣಿ ಇಳಿದನೋ ಬಿದ್ದನೋ ಹೇಳುವುದು ಕಷ್ಟ. ಎದುರು ನಿಂತು ಉಸಿರು ಹಿಡಿದು ಕೇಳಿದ. "ಹಂಗಾದ್ರೆ... ನಾನೇನಾ?"

ಈ ಸಲ ಕನ್ನಡವನ್ನು ನಂಬುವ ಧೈರ್ಯ ಶ್ಯಾಮಲಳಿಗಿರಲಿಲ್ಲ. ಅವನ ಮನೆಮಾತು ತೆಲುಗಿನಲ್ಲಿ 'ಹೌದು' ಎನ್ನುವ ಮಾತನ್ನೇ ಆರಿಸಿಕೊಂಡಳು.

"ಅವುನು."

ಕದಿರೇಶನ ಕಣ್ಣು ತುಂಬಿದವು. ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ನೀಲಿ ಮೆತ್ತಿಕೊಂಡ.

"ನಮ್ಮಪ್ಪನ ಮುಂದೆ ಬಂದು ಕೇಳ್ತೀರಾ?"

"ಈಗ್ಲೇನಾ? ಈ ಬಟ್ಟೇಲಿ?"

"ಅವರು ನಾಳೆ ಇಸ್ತ್ರಿ ಬಟ್ಟೇಲಿ ಬರ್ತಾರೆ. ನೀವು ಇವತ್ತೇ ಬನ್ನಿ."

ಬಸ್ಸಿನಲ್ಲಿ ಅವನ ಒದ್ದೆ ತೋಳು ಅವಳ ಬಿಳಿ ಸೆರಗಿಗೆ ತಾಗಿ ನೀಲಿ ಅಂಟಿತು. ಅವನು ಗಾಬರಿಯಾಗಿ ಸರಿದು ಕೂತ. ಶ್ಯಾಮಲ ಆ ಖಾಲಿ ಜಾಗಕ್ಕೆ ತಾನೇ ಸರಿದಳು.