ಗುರುತು ಹೇಳಿ, ಡಿಸ್ಕ್ ತಗೊಂಡು ಹೋಗಿ

"ನನ್ನ ಕುರಿಗಳು ಎಲ್ಲಿ?!"

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿದ್ದ ಆ ಪುಟ್ಟ ಕಂಪ್ಯೂಟರ್ ಆಫೀಸಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ ಸ್ವಪ್ನ ಬಾಗಿಲಲ್ಲೇ ನಿಂತು ಕೂಗಿದಳು. ಒಳಗೆ ಮಂಡಕ್ಕಿ ತಿನ್ನುತ್ತಿದ್ದ ಆಫೀಸಿನ ಹುಡುಗ ಬಾಲರಾಜನ ಕೈಯಿಂದ ಮೆಣಸಿನಕಾಯಿ ಬಜ್ಜಿ ಜಾರಿ ಕೀಬೋರ್ಡಿನ ಮೇಲೆ ಬಿತ್ತು.

"ಎ... ಎಷ್ಟು ಕುರಿ?"

"ಒಂಬತ್ತು ಸಾವಿರದ ನಾನೂರ ಹನ್ನೆರಡು!"

ಅವನು ಒಮ್ಮೆ ಮೇಜಿನ ಕೆಳಗೆ ಬಗ್ಗಿ ನೋಡಿದ. ಗಾಬರಿಯಲ್ಲಿ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ!

ಸ್ವಪ್ನ ಬ್ರಹ್ಮಗಿರಿ ಬುಡದ ಹಳ್ಳಿಯ ಕುರಿ ಸಾಕುವವರ ಮನೆಯ ಹುಡುಗಿ, ಮೊಳಕಾಲ್ಮೂರಿನ ಕುರಿ ಸಂಘದಲ್ಲಿ ಕಂಪ್ಯೂಟರ್ ಕೆಲಸ. ಮೂರು ವರ್ಷ, ಕುರಿ ಕೂಡಿಹಾಕುವ ರೊಪ್ಪದಿಂದ ರೊಪ್ಪಕ್ಕೆ ಅಲೆದು, ಯಾವ ಮರಿಗೆ ಯಾವ ತಾಯಿ, ಯಾವ ಟಗರು ಎಂದು ಒಂದೊಂದನ್ನೂ ಬರೆದಿಟ್ಟಿದ್ದಳು. ಸೋಮವಾರ ತಳಿ ಪರೀಕ್ಷೆಯ ತಂಡ ಬರುವುದಿತ್ತು. ದಾಖಲೆ ಸರಿಯಿದ್ದರೆ ಅವರ ಸೀಮೆಯ ಕುರಿಗೆ ತನ್ನದೇ ಹೆಸರಿನ ತಳಿಯೆಂಬ ಮಾನ್ಯತೆ! ಇಲ್ಲದಿದ್ದರೆ ಮೂರು ವರ್ಷದ ಅಲೆದಾಟ ಮಣ್ಣುಪಾಲು.

ಇವತ್ತು ಶನಿವಾರ. ಬೆಳಿಗ್ಗೆ ನೋಡಿದರೆ, ಈ ಆಫೀಸಿನವರು ನೋಡಿಕೊಳ್ಳುತ್ತಿದ್ದ ಸಂಘದ ಸರ್ವರೇ ಇಲ್ಲ!

"ಅದನ್ನ ತೆಗೆದು ಮೂರು ತಿಂಗಳಾಯ್ತು ಮೇಡಂ," ಎಂದ ಬಾಲರಾಜ, ಬಜ್ಜಿ ಒರೆಸುತ್ತಾ. "ನೀವು ಇಷ್ಟು ದಿನ ನೋಡಿದ್ದು ಅದರ ಹಳೇ ಪ್ರತಿ, ಅದೂ ನಿನ್ನೆಗೆ ಮುಗೀತು. ನೋಟಿಸ್ ಕಳಿಸಿದ್ವಿ..."

ನೋಟಿಸು ಇಂಗ್ಲಿಷಿನಲ್ಲಿತ್ತು. ಸಂಘದ ಕಾರ್ಯದರ್ಶಿಗಳು ಅದನ್ನು ಮದುವೆಯ ಆಮಂತ್ರಣವೆಂದು ತಿಳಿದು ಗೋಡೆಗೆ ಸಿಕ್ಕಿಸಿದ್ದರು. ಸ್ವಪ್ನಳಿಗೆ ಅದು ಈಗ ನೆನಪಾಗಿ ಕಣ್ಣು ತುಂಬಿಬಂತು.

"ಅಳಬ್ಯಾಡ್ರಿ! ಹೋಗಿರೋದು ಸರ್ವರ್ ಮಾತ್ರ. ಡಿಸ್ಕ್ ಐತೆ."

"ಅಂದ್ರೆ?"

"ಸರ್ವರ್ ಅಂದ್ರೆ ಕುರಿ ಕಾಯೋನು. ಕ್ಲೌಡಲ್ಲಿರೋ ಡಿಸ್ಕ್ ಅಂದ್ರೆ ರೊಪ್ಪ. ಕಾಯೋನು ಬಿಟ್ಟು ಹೋದ್ರೆ ರೊಪ್ಪ ಎದ್ದು ಹೋಗ್ತೈತಾ? ಇನ್ನೊಬ್ಬ ಕಾಯೋನ್ನ ತಂದು ಜೋಡಿಸಿದ್ರೆ ಆಯ್ತು. ಕುರಿ ಹಂಗೇ ಇರ್ತಾವೆ."

ಎಷ್ಟು ಚೆನ್ನಾಗಿ ಹೇಳ್ತಾನೆ... ಎಂದು ಅವಳ ಮನಸ್ಸು ಒಂದು ಕ್ಷಣ ಮೆತ್ತಗಾಯಿತು. ಕ್ಷಣ ಮಾತ್ರ.

"ಹಂಗಾರೆ ಅದು ಎಲ್ಲೈತೆ?"

"ನನ್ನ ಸ್ವಂತ ಸರ್ವರ್‌ಗೆ ಕಟ್ಟೀನಿ."

"ಏನು?! ಸಂಘದ ಕುರೀನ ನಿಮ್ಮ ರೊಪ್ಪಕ್ಕೆ ಹೊಡ್ಕೊಂಡ್ರಾ? ಕುರಿಗಳ್ಳ!"

ಆ ಕೂಗಿಗೆ ಒಳಕೋಣೆಯಿಂದ ಮಾಲೀಕ ಅಮರೇಶ್ ಹೊರಬಂದ. "ಲೇ ಬಾಲರಾಜ, ದಿಕ್ಕಿಲ್ಲದ ಡಿಸ್ಕ್ ಎಲ್ಲಾ ಅಳಿಸು ಅಂದಿದ್ನಲ್ಲ! ಇನ್ನೂ ಇಟ್ಕೊಂಡಿದ್ದೀಯಾ?"

ಬಾಲರಾಜ ತಲೆ ತಗ್ಗಿಸಿದ. "ಆರು ಇದ್ವು ಸಾರ್. ತಪ್ಪಿಸ್ಕೊಂಡು ಬಂದ ಕುರೀನ ಒಡೆಯ ಬರೋ ಮುಂಚೆ ಕೊಯ್ಯೋದು ನಮ್ಮ ಮನ್ಯಾಗೆ ಇಲ್ಲ."

"ಇದು ಆಫೀಸು, ನಿಮ್ಮಪ್ಪನ ರೊಪ್ಪ ಅಲ್ಲ! ಸೋಮವಾರ ಬೆಳಿಗ್ಗೆ ಒಂದೂ ಇರಬಾರದು," ಎಂದು ಅಮರೇಶ್ ಬಾಗಿಲು ಹಾಕಿಕೊಂಡ.

ಸ್ವಪ್ನ ನಾಲಿಗೆ ಕಚ್ಚಿಕೊಂಡಳು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಈ ಗಡುವು ಹುಟ್ಟುತ್ತಲೇ ಇರಲಿಲ್ಲ.

"ಹಂಗಾರೆ ನಮ್ಮದು ಕೊಡ್ರಿ..."

"ಗುರುತು ಹೇಳ್ರಿ, ಕೊಡ್ತೀನಿ. ಆರೂ ಒಂದೇ ಅಳತೆ, ಒಂದಕ್ಕೂ ಹೆಸರಿಲ್ಲ. ಅದ್ರಾಗೆ ಮೂರು ಡಿಸ್ಕ್ ಬೇರೆ ಬೇರೆ ಊರಿನ ಕುರಿ ಸಂಘದವೇ. ಇನ್ನೊಂದು ಯಾರೋ ಡಾಕ್ಟರಮ್ಮಂದು ಇರಬೌದು. ಬೇರೆಯವರ ರೊಪ್ಪಕ್ಕೆ ನಾನು ಇಣುಕೋದಿಲ್ಲ. ಒಳಗಿರೋ ಒಂದು ಫೋಲ್ಡರಿನ ಹೆಸರು ಹೇಳ್ರಿ, ಅದನ್ನ ಮಾತ್ರ ಹುಡುಕ್ತೀನಿ."

"ಕುರಿ!"

"ಮೂರರಾಗೂ ಅದೇ ಇರ್ತೈತೆ, ಹೆಸರಿಟ್ಟಿದ್ದು ನಾವೇ. ನಿಮಗೆ ಮಾತ್ರ ಗೊತ್ತಿರೋ ಗುರುತು ಬೇಕು."

ಅಂಥದ್ದು ಒಂದಿತ್ತು. ಒಂದೇ ಒಂದು. ಅದು ನೆನಪಾದದ್ದೇ ತಡ ಸ್ವಪ್ನಳ ಮುಖ ಕೆಂಪೇರಿತು. 'ಅಯ್ಯೋ ದೇವರೇ... ಅದನ್ನು ಇವನಿಗೆ ಹೇಳುವುದೇ? ಸಾಧ್ಯವೇ ಇಲ್ಲ!'

"ನೀವು ಮಹಾ ಹಟಮಾರಿ!" ಎಂದು ಬೈದು, ದಡದಡ ಇಳಿದು ಹೋದಳು.

* * *

"ಗುರುತು ಕೇಳಿದ್ನಾ?" ಮಗಳ ದೂರು ಕೇಳಿ ಅವ್ವ ನಾಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನಿಮ್ಮಪ್ಪ ಸ್ವಂತ ಭಾಮೈದ ಬಂದ್ರೂ ಕಿವಿ ಗುರುತು ಹೇಳದೇ ಕುರಿ ಕೊಡ್ತಿರ್ಲಿಲ್ಲ. ಆ ಹುಡುಗ ಸರಿಯಾಗೇ ಅವ್ನೆ ಕಣೇ ಮಗಳೇ. ನೀನೇ ಬಾಯಿ ಮಾಡ್ಕೊಂಡು ಬಂದೀಯಾ."

ಸ್ವಪ್ನಳಿಗೆ ಊಟ ರುಚಿಸಲಿಲ್ಲ. ಕಳ್ಳ ಎಂದು ಬೈದದ್ದು ಯಾರನ್ನು? ಮಾಲೀಕನ ಮಾತು ಮೀರಿ ಮೂರು ತಿಂಗಳು ತನ್ನ ಕುರಿಗಳನ್ನು ಕಾಯ್ದವನನ್ನು! ಅವನ ಆ ತಗ್ಗಿದ ತಲೆ ನೆನಪಾದಾಗಲೆಲ್ಲ ಎದೆಯಲ್ಲಿ ಚುಳುಕ್ ಎನ್ನುತ್ತಿತ್ತು.

ಭಾನುವಾರ ಬೆಳಿಗ್ಗೆ ಫೋನ್ ಮಾಡಿದಳು. "ಗುರುತು ಹೇಳ್ತೀನಿ. ಫೋನಲ್ಲಿ ಅಲ್ಲ..."

"ಬರ್ತೀನಿ," ಎಂದ.

ಹತ್ತು ಗಂಟೆಗೆಲ್ಲ ಬೈಕಿನಲ್ಲಿ ಬಂದ. ರೊಪ್ಪದ ಬೇಲಿ ಪಕ್ಕದ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟ. ಒಂದು ಮರಿ ಬಂದು ಅವನ ಅಂಗಿಯ ತುದಿ ಅಗಿಯತೊಡಗಿತು. ಅವನು ಅದನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಕೆಲಸ ಮುಂದುವರಿಸಿದ. ಸ್ವಪ್ನ ನೋಡುತ್ತಲೇ ನಿಂತಳು.

"ಹೇಳ್ರಿ."

"ಬೇಡ."

"ಬೇಡ ಅಂದ್ರೆ ಹೆಂಗ್ರಿ? ನಾಳೆ ಬೆಳಿಗ್ಗೆ ಅಳಿಸಿಬಿಡ್ತಾರೆ..."

"ಫೋಲ್ಡರಿನ ಹೆಸರೇ ಅದು! 'ಬೇಡ'. ಒಳಗೆ... ಹನ್ನೊಂದು ಗಂಡುಗಳು ಇರ್ತಾರೆ."

ಅವ್ವ ತೋರಿಸಿದ ವರಗಳ ಪಟ್ಟಿಯದು. ಅವ್ವ ಮೊಬೈಲು ನೋಡುತ್ತಾಳೆಂದು ಸ್ವಪ್ನ ಅದನ್ನು ಕುರಿಗಳ ನಡುವೆ ಬಚ್ಚಿಟ್ಟಿದ್ದಳು. ಹೊಸ ಪಟ್ಟಿ ಗೆರೆ ಹಾಕಲು ಸೋಮಾರಿತನವಾಗಿ, ಕುರಿಯ ಪಟ್ಟಿಯನ್ನೇ ವರಗಳಿಗೂ ಬಳಸಿದ್ದಳು.

ಬಾಲರಾಜ ಹುಡುಕಿದ. ನಾಲ್ಕನೇ ಡಿಸ್ಕಿನಲ್ಲಿ ಸಿಕ್ಕಿತು. ಪಟ್ಟಿ ತೆರೆದುಕೊಂಡದ್ದೇ ಅವನ ಬೆರಳು ಒಂದು ಸಾಲಿನ ಮೇಲೆ ಗಕ್ಕನೆ ನಿಂತಿತು.

ನಾಗಕ್ಕ ಮಜ್ಜಿಗೆ ತಂದವಳು ಅವನ ಮುಖವನ್ನೇ ದಿಟ್ಟಿಸಿದಳು. "ನೀನು ಬಿ.ಜಿ. ಕೆರೆ ಕ್ಯಾತಪ್ಪನ ಮಗ ಅಲ್ವೇನಪ್ಪಾ? ಎರಡು ವರ್ಷದ ಹಿಂದೆ ನಿನ್ನ ಫೋಟೋ ತಂದಿದ್ದೆ! ಇವಳು ಲಕೋಟೆ ಬಿಚ್ಚದೇ ಬೇಡ ಅಂದ್ಳು."

ಸ್ವಪ್ನಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬಾಲರಾಜ ಏಳನೇ ಸಾಲನ್ನು ಗಂಭೀರವಾಗಿ ಓದಿದ.

"ಬಾಲರಾಜ್. ವಯಸ್ಸು ಇಪ್ಪತ್ತೆಂಟು. ಹಲ್ಲು, ನೋಡಿಲ್ಲ. ನಡಿಗೆ, ಗೊತ್ತಿಲ್ಲ. ಜಂತು ಔಷಧಿ, ಹಾಕಿಲ್ಲ. ಷರಾ, ಏಸಿ ರೂಮಿನೋನು, ಕುರಿ ವಾಸನೆಗೆ ಮೂಗು ಮುಚ್ಚಿಕೊಳ್ತಾನೆ."

ತೊಡೆಯ ಮೇಲಿದ್ದ ಮರಿ ಅಷ್ಟರಲ್ಲಿ ಅವನ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದಿತ್ತು. ಅವನು ಮೂಗು ಮುಚ್ಚಲಿಲ್ಲ. "ಜಂತು ಔಷಧಿ ಹೋದ ವರ್ಷ ತಗೊಂಡೀನಿ," ಎಂದ ಮೆಲ್ಲಗೆ.

ನಾಗಕ್ಕ ನಗು ತಡೆಯಲಾರದೆ ಮಜ್ಜಿಗೆ ಚೆಂಬಿನ ಸಮೇತ ಒಳಗೆ ಓಡಿದಳು.

"ಅದನ್ನ ಅಳಿಸಿಬಿಡ್ರಿ, ದಮ್ಮಯ್ಯ!"

"ಆಗಲ್ಲ. ಒಳಗಿನ ಒಂದು ಅಕ್ಷರಾನೂ ಮುಟ್ಟಬಾರದು ಅಂತ ಓದೋಕೆ ಮಾತ್ರ ಬರೋ ಹಂಗೆ ಕಟ್ಟೀನಿ. ನಿಮ್ಮ ಹೊಸ ಸರ್ವರ್‌ಗೆ ಹೋದ್ಮೇಲೆ ನೀವೇ ಅಳಿಸ್ಕೊಳ್ರಿ."

ಅವನು ಡಿಸ್ಕನ್ನು ತನ್ನ ಸರ್ವರಿನಿಂದ ಬಿಡಿಸಿ, ಸಂಘಕ್ಕೆಂದು ತೆರೆದ ಹೊಸ ಸರ್ವರಿಗೆ ಜೋಡಿಸಿದ. ಸ್ವಪ್ನ ಉಸಿರು ಬಿಗಿಹಿಡಿದು ನೋಡಿದಳು. ಒಂಬತ್ತು ಸಾವಿರದ ನಾನೂರ ಹನ್ನೆರಡು! ತಾಯಿ, ಟಗರು, ಮರಿ... ಒಂದೂ ತಪ್ಪಿರಲಿಲ್ಲ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು.

ಬಾಲರಾಜ ಮರಿಯನ್ನು ಇಳಿಸಿ ಎದ್ದ. "ಉಳಿದವರಿಗೂ ಫೋನ್ ಹಚ್ಚಿ ಗುರುತು ಕೇಳೀನಿ, ಇವತ್ತೇ ಎಲ್ಲಾರ್ದೂ ಮುಟ್ಟಿಸ್ತೀನಿ. ಬರ್ತೀನಿ."

ಬೈಕಿನ ಕಡೆ ನಡೆದ. ಕೆಲಸ ಮುಗಿಯಿತು. ಇನ್ನು ಇವನು ಬರುವುದಕ್ಕೆ ಕಾರಣವೇ ಇಲ್ಲ! ಹಾಗೆ ಅನ್ನಿಸಿದ ಕೂಡಲೇ ಸ್ವಪ್ನಳಿಗೆ, ಕುರಿಗಳು ಕಾಣದಾಗ ಆದುದಕ್ಕಿಂತ ದೊಡ್ಡ ಗಾಬರಿಯಾಯಿತು.

"ನಿಲ್ರಿ!"

ನಿಂತ.

"ನಿನ್ನೆ ಕಳ್ಳ ಅಂದೆ. ತಪ್ಪಾಯ್ತು. ಎರಡು ವರ್ಷದ ಹಿಂದೆ ನೋಡದೇ ಷರಾ ಬರೆದೆ. ಅದೂ ತಪ್ಪೇ. ಈಗ ನೋಡೀನಿ. ನಂಗೆ ನೀವು ಇಷ್ಟ ಆಗೀರಿ."

"ಮೆಲ್ಲಗೆ... ಅವ್ವ ಒಳಗೆ ಅವ್ರೆ."

"ಕೇಳಿಸ್ಕೊಳ್ಳಲಿ ಅಂತಾನೇ ಜೋರಾಗಿ ಹೇಳಿದ್ದು!"

ಒಳಗೆ ಚೆಂಬು ಬಿದ್ದ ಸದ್ದಾಯಿತು. ಬಾಲರಾಜ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ತಿರುವುತ್ತಾ ಹತ್ತಿರ ಬಂದ.

"ನೀವು ಬಾಗಿಲಲ್ಲೇ ನಿಂತು ಕೂಗಿದ್ರಲ್ಲ, ನಂಗೆ ಆಗ್ಲೇ ಇಷ್ಟ ಆಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಕುರಿ ಕಳ್ಕೊಂಡು ಅಳ್ತಿರೋರಿಗೆ ಅದನ್ನ ಹೇಳೋದು ಸರಿ ಅನ್ನಿಸ್ಲಿಲ್ಲ."

ಸ್ವಪ್ನ ಕಣ್ಣೊರೆಸಿಕೊಂಡು ನಕ್ಕಳು. "ನಾಳೆ ತಂಡದೋರು ಬರ್ತಾರೆ. ನೀವೂ ಬರ್ತೀರಾ?"

"ನಾಳೆ ಬರ್ತೀನಿ. ನಾಡಿದ್ದು ಅಪ್ಪನ್ನ ಕರ್ಕೊಂಡು ಬರ್ತೀನಿ."